ಎರಡನೆಯ ಗ್ಲೌಸ್

ಸಿಡುಕಿ ಬಿಸ್ಕೆಟ್ ಪ್ಯಾಕೆಟ್ಟನ್ನು ಮೊದಲು ಹಲ್ಲಿನಿಂದ ಕಚ್ಚಿದಳು. ಆಮೇಲೆ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬಗ್ಗಿ, ಮತ್ತೆ ಕಚ್ಚಿದಳು. ಪ್ಯಾಕೆಟ್ ಹರಿಯಲಿಲ್ಲ. ತುದಿ ಮಾತ್ರ ಎಂಜಲಾಯಿತು.

"ತೆಗಿಯೇ ಬಾಯಿಂದ! ನಾಯಿಮರಿ ಚಪ್ಪಲಿ ಕಚ್ಚಿದ ಹಾಗೆ ಕಚ್ತಾ ಇದ್ದಾಳೆ," ಎಂದಳು ಅಜ್ಜಿ.

"ಇನ್ನೇನು ಮಾಡ್ಲಿ? ಇರೋ ಒಂದು ಒಳ್ಳೇ ಕೈಯನ್ನೂ ಕಟ್ಟಿಹಾಕಿದ್ದೀರಲ್ಲ!"

"ನಾನೆಲ್ಲೇ ಕಟ್ಟಿದೆ? ಕಟ್ಟಿದ್ದು ನಿಮ್ಮಮ್ಮ. ಕಟ್ಟು ಅಂದಿದ್ದು ಆ ಆಸ್ಪತ್ರೆಯವಳು."

ಸಿಡುಕಿಯ ಬಲಗೈ ಒಂದು ನೀಲಿ ಗ್ಲೌಸಿನೊಳಗೆ ಇತ್ತು. ಅದಕ್ಕೆ ಬೆರಳುಗಳೇ ಇಲ್ಲ. ಹೆಬ್ಬೆರಳೂ ಇಲ್ಲ. ದಪ್ಪ ಬಟ್ಟೆಯ ಚೀಲದಂತಿತ್ತು. ಮಣಿಕಟ್ಟಿನ ಹತ್ತಿರ, ಎಳೆದರೆ ಪರ್ ಎಂದು ಬಿಚ್ಚುವ ಅಂಟುಪಟ್ಟಿ.

ಎಡಗೈಗೆ ಏನನ್ನೂ ಹಾಕಿರಲಿಲ್ಲ. ಅದು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, ಬೇರೆ ಯಾರದೋ ಕೈ ಎನ್ನುವ ಹಾಗೆ ಮೇಜಿನ ಮೇಲೆ ಮಲಗಿತ್ತು.

ಅಜ್ಜಿ ಬಾಗಿಲ ಕಡೆ ನೋಡಿದಳು. ಅಮ್ಮ ಡ್ರೈ ಕ್ಲೀನಿಂಗ್ ಅಂಗಡಿಯಿಂದ ಬರಲು ಇನ್ನೂ ಹೊತ್ತಿತ್ತು. ಪ್ಯಾಕೆಟ್ಟನ್ನು ಕಿತ್ತುಕೊಂಡು ಟರ್ ಎಂದು ಹರಿದಳು. ಒಂದು ಬಿಸ್ಕೆಟ್ ತೆಗೆದು ಮೊಮ್ಮಗಳ ಬಾಯಿಗೇ ಇಟ್ಟಳು.

"ಅಮ್ಮಂಗೆ ಗೊತ್ತಾದ್ರೆ?" ಎಂದಳು ಸಿಡುಕಿ, ಬಾಯಿ ತುಂಬ ಬಿಸ್ಕೆಟ್ ಇಟ್ಟುಕೊಂಡು.

"ಏನು ಗೊತ್ತಾಗೋದು? ಗ್ಲೌಸ್ ಬಿಚ್ಚಬೇಡಿ ಅಂದ್ರು. ನಾನು ಬಿಚ್ಚಿದ್ನಾ? ಇಲ್ವಲ್ಲ!"

ಸಿಡುಕಿಗೆ ಸ್ಕೂಲಿನ ಹಾಜರಿಯಲ್ಲಿ ಒಂದು ಚಂದದ ಹೆಸರಿತ್ತು. ಆ ಹೆಸರಿನಿಂದ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇದ್ದದ್ದರಿಂದ ಮಾತು ಬರುವ ಮೊದಲೇ ಸಿಡುಕಿ ಎನ್ನುವ ಹೆಸರು ಬಂದಿತ್ತು.

ಅವಳ ಎಡಗೈ ಹುಟ್ಟಿನಿಂದಲೂ ಹಾಗೇ. ಸೊಟ್ಟಗಿಲ್ಲ, ನೋವಿಲ್ಲ, ಆದರೆ ಹೇಳಿದ ಮಾತು ಕೇಳುವುದಿಲ್ಲ. ಹೋದ ಹೋದ ಡಾಕ್ಟರೆಲ್ಲ ಒಂದು ಸ್ಪಂಜಿನ ಚೆಂಡು ಕೊಟ್ಟು "ಹಿಸುಕು" ಎಂದಿದ್ದರು. ಮನೆಯಲ್ಲಿ ಅಂಥ ಚೆಂಡುಗಳ ಒಂದು ಬುಟ್ಟಿಯೇ ಇತ್ತು. ಸಿಡುಕಿ ಅವನ್ನೆಲ್ಲ ಬಲಗೈಯಿಂದ ಗೋಡೆಗೆ ಎಸೆದು ಎಸೆದು ಒಳ್ಳೆಯ ಗುರಿಗಾರ್ತಿಯಾಗಿದ್ದಳು.

ಈ ಸಲದ ಥೆರಪಿ ಮಿಸ್ ಚೆಂಡು ಕೊಡಲಿಲ್ಲ. "ನಿಂಗೇನು ಬೇಕು?" ಎಂದು ಕೇಳಿದ್ದರು.

ಸಿಡುಕಿ ಯೋಚನೆಯನ್ನೇ ಮಾಡಲಿಲ್ಲ. "ಸೈಕಲ್!"

ಸೈಕಲ್ ಮನೆಯಲ್ಲೇ ಇತ್ತು. ಯಾರೋ ನೆಂಟರ ಮಗಳು ಬೆಳೆದು ಬಿಟ್ಟ ಕೆಂಪು ಸೈಕಲ್ಲು. ಕಟ್ಟಡದ ಮೆಟ್ಟಿಲ ಕೆಳಗೆ ಬೀಗ ಹಾಕಿಸಿಕೊಂಡು ನಿಂತಿತ್ತು. ಬೀಗದ ಕೀಲಿ ಅಪ್ಪನ ಹತ್ತಿರ. ಅಪ್ಪ ಲಾರಿ ಡ್ರೈವರ್. ದೂರದ ಊರುಗಳಿಗೆ ಲೋಡು ಹೊತ್ತು ಹೋಗಿ ವಾರಗಳ ಮೇಲೆ ಬರುತ್ತಿದ್ದ. ಬೇರೆ ಎಲ್ಲ ವಿಷಯದಲ್ಲೂ ಬೆಣ್ಣೆಯಂಥ ಮನುಷ್ಯ, ಬ್ರೇಕಿನ ವಿಷಯದಲ್ಲಿ ಮಾತ್ರ ಕಲ್ಲು.

"ಎರಡು ಬ್ರೇಕು ಇರೋ ಗಾಡಿ, ಎರಡನ್ನೂ ಹಿಡಿಯೋಕೆ ಬರಬೇಕು. ಒಂದೇ ಬ್ರೇಕಲ್ಲಿ ನಾನೂ ಲಾರಿ ತೆಗೆಯಲ್ಲ. ಎಡಗೈಲಿ ಬ್ರೇಕ್ ಹಿಡಿ, ಕೀಲಿ ತಗೋ," ಎಂದಿದ್ದ. ಈ ಸಲ ಹೊರಡುವಾಗ ಇನ್ನೊಂದು ಮಾತೂ ಸೇರಿಸಿದ್ದ. "ನಾನು ವಾಪಸ್ ಬಂದಾಗ ನೋಡ್ತೀನಿ. ಆಗಲಿಲ್ಲ ಅಂದ್ರೆ ನಿನ್ನ ಅತ್ತೆ ಮಗನಿಗೆ ಕೊಟ್ಟುಬಿಡೋಣ. ಸುಮ್ನೆ ತುಕ್ಕು ಹಿಡೀತಾ ಇದೆ."

ಅತ್ತೆ ಮಗ! ಚಾಕೊಲೇಟ್ ತಿಂದ ಕೈಯನ್ನು ಪರದೆಗೆ ಒರೆಸುವವನು! ಅವನ ಕೈಗೆ ತನ್ನ ಸೈಕಲ್ಲು!

ಅದನ್ನು ಹೇಳಿದ ಮೇಲೆ ಥೆರಪಿ ಮಿಸ್ ಗ್ಲೌಸಿನ ವಿಷಯ ತೆಗೆದರು.

"ನಿನ್ನ ತಲೆ ಇದೆಯಲ್ಲ, ಅದು ಮಹಾ ಸೋಮಾರಿ," ಎಂದರು. "ಬಲಗೈ ಕರೆದಾಗೆಲ್ಲ ಓಡಿ ಬರುತ್ತೆ. ಅದಕ್ಕೆ ಎಡಗೈನ ಕರೆಯೋದೇ ಬಿಟ್ಟುಬಿಟ್ಟಿದೆ. ದಿನಾ ಸ್ವಲ್ಪ ಹೊತ್ತು ಬಲಗೈಗೆ ರಜೆ ಕೊಡೋಣ. ಆಗ ಬೇರೆ ದಾರಿ ಇಲ್ಲದೆ ಎಡಗೈನ ಕರೆಯುತ್ತೆ. ಕರೆದು ಕರೆದು ಅಭ್ಯಾಸ ಆಗುತ್ತೆ."

ಸ್ಕೂಲಿಂದ ಬಂದಮೇಲೆ ರಾತ್ರಿ ಊಟದವರೆಗೆ ಗ್ಲೌಸು. ಸ್ಕೂಲಿಲ್ಲದ ದಿನ ಇನ್ನೂ ಜಾಸ್ತಿ. ಬರೆಯುವಾಗ ಮಾತ್ರ ತೆಗೆಯಬಹುದು. ಹೀಗಿತ್ತು ನಿಯಮ.

ಮಿಸ್ ಕಾಗದದಲ್ಲಿ ಅಳತೆ ಕತ್ತರಿಸಿ ಕೊಟ್ಟರು. ಅಮ್ಮ ಅದನ್ನು ಕೆಳಗಿನ ಅಂಗಡಿಯ ಹೊಲಿಗೆ ಮಾಮನಿಗೆ ಕೊಟ್ಟಳು. ಹೊಲಿಗೆ ಮಾಮ ಒಂದರ ಬದಲು ಎರಡು ಹೊಲಿದು ತಂದ.

"ಒಂದೇ ಸಾಕು ಅಂದಿದ್ನಲ್ಲ?" ಎಂದಳು ಅಮ್ಮ.

"ಒಂಟಿ ಗ್ಲೌಸ್ ಯಾರಾದ್ರೂ ಹೊಲೀತಾರಾ? ಒಂಟಿ ಕಾಲುಚೀಲ ಹೊಲಿ ಅಂದ ಹಾಗಾಯ್ತು. ನನ್ನ ಮಿಷಿನ್ನೇ ನಗುತ್ತೆ," ಎಂದ ಮಾಮ. "ಬೆಳೆಯೋ ಮಗು ಅಂತ ಸ್ವಲ್ಪ ದೊಡ್ಡದಾಗೇ ಹೊಲಿದಿದ್ದೀನಿ."

"ಮಾಮ, ಇದು ವರ್ಷಗಟ್ಟಲೆ ಹಾಕೋದಲ್ಲ! ಕೆಲವು ವಾರ ಅಷ್ಟೆ!" ಎಂದು ಸಿಡುಕಿ ಕಿರುಚಿದಳು.

ಎರಡನೆಯ ಗ್ಲೌಸು ಅಡುಗೆಮನೆಯ ಡ್ರಾಯರಿನೊಳಗೆ ಹೋಯಿತು. ಅಲ್ಲಿ ಹಳೆಯ ಬ್ಯಾಟರಿ, ದಾರದ ಉಂಡೆ, ಮುರಿದ ಜಾಲರಿ ಸೌಟಿನ ಜೊತೆ ಮಲಗಿತು.

ಗ್ಲೌಸು ಬಂದ ದಿನದಿಂದ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಸಿಡುಕಿಗೆ ಹೋಂವರ್ಕಿನ ಮೇಲೆ ಪ್ರೀತಿ ಹುಟ್ಟಿತು. ಬರೆಯುವಾಗ ಗ್ಲೌಸ್ ತೆಗೆಯಬಹುದಲ್ಲ! ಮಗ್ಗಿಯನ್ನು ಯಾರೂ ಹೇಳದೆ ಬರೆದಳು. ಬರೆದದ್ದನ್ನು ಅಕ್ಷರ ಚೆನ್ನಾಗಿಲ್ಲವೆಂದು ಮತ್ತೊಮ್ಮೆ ಬರೆದಳು. ಪರಿಸರದ ಪಾಠದ ಕೆರೆಗೆ ಒಂದೊಂದೇ ಮೀನು ಬಿಡಿಸುತ್ತ ಕೂತಳು.

"ಇನ್ನೂ ಮುಗಿದಿಲ್ವಾ ನಿನ್ನ ಕೆರೆ?" ಎಂದಳು ಅಮ್ಮ.

"ಮೀನು ಸಾಲದು ಅಂತ ಟೀಚರ್ ಅಂದ್ರು."

"ಆ ಕೆರೇಲಿ ನೀರಿಗೇ ಜಾಗ ಇಲ್ಲ. ಕೊಡು ಕೈ."

ಪರ್ ಎಂದು ಗ್ಲೌಸು ಮತ್ತೆ ಬಿತ್ತು.

ಅಮ್ಮ ಇರುವಾಗ ಸಿಡುಕಿ ಎಡಗೈಯನ್ನು ಬೈದುಕೊಂಡು ಏನೋ ಒಂದಿಷ್ಟು ಮಾಡುತ್ತಿದ್ದಳು. ಅಮ್ಮ ಇಲ್ಲದಾಗ ಅಜ್ಜಿ ಇದ್ದಳು. ಕಾಲುಚೀಲ ಎಳೆಯಲು ಅಜ್ಜಿ. ನಲ್ಲಿ ತಿರುಗಿಸಲು ಅಜ್ಜಿ. ಕೂದಲು ಕಣ್ಣಿಗೆ ಬಿದ್ದರೆ ಕಿವಿಯ ಹಿಂದೆ ಸಿಕ್ಕಿಸಲೂ ಅಜ್ಜಿ. ಸಿಡುಕಿ ಕೇಳುವ ಮೊದಲೇ ಅಜ್ಜಿಯ ಕೈ ಬಂದಿರುತ್ತಿತ್ತು. ಹತ್ತು ವರ್ಷದಿಂದ ಹಾಗೇ ಬರುತ್ತಿದ್ದ ಕೈ ಅದು.

*

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಿಸ್ ಕೋಣೆಯ ಮೇಜಿನ ಮೇಲೆ ಒಂದು ಹೊಸ ವಸ್ತು ಇತ್ತು. ಹಳೆಯ ಸೈಕಲ್ಲಿನ ಹ್ಯಾಂಡಲ್. ಅದನ್ನು ಒಂದು ಹಲಗೆಗೆ ಬಿಗಿದು ನಿಲ್ಲಿಸಿದ್ದರು. ಎರಡು ಹಿಡಿ, ಎರಡು ಬ್ರೇಕು. ಒಂದು ಗಂಟೆ ಕೂಡ ಇತ್ತು.

ಸಿಡುಕಿ ಮೊದಲು ಗಂಟೆ ಬಾರಿಸಿದಳು, ಗ್ಲೌಸಿನ ಕೈಯಿಂದಲೇ ಗುದ್ದಿ.

"ಗಂಟೆ ಆಮೇಲೆ. ಎಡಗೈಲಿ ಬ್ರೇಕ್ ಹಿಡಿ ನೋಡೋಣ," ಎಂದರು ಮಿಸ್.

ಸಿಡುಕಿ ಎಡಗೈಯನ್ನು ಎತ್ತಿ ಹಿಡಿಯ ಮೇಲೆ ಇಟ್ಟಳು. ಬೆರಳುಗಳು ಬ್ರೇಕಿನ ಕಡ್ಡಿಯವರೆಗೆ ಚಾಚಬೇಕು. ಚಾಚಲಿಲ್ಲ. ಹೆಬ್ಬೆರಳು ಅಂಗೈಯೊಳಗೇ ಕೂತಿತ್ತು, ಹೊರಗೆ ಬರುವ ಮನಸ್ಸೇ ಇಲ್ಲದಂತೆ. ಬೆರಳು ಒಮ್ಮೆ ಕಡ್ಡಿಗೆ ತಾಗಿ ಜಾರಿತು. ಮತ್ತೆ ತಾಗಿ ಮತ್ತೆ ಜಾರಿತು.

"ಬರಲ್ಲ ಮಿಸ್! ಇದಕ್ಕೆ ಕಿವೀನೇ ಇಲ್ಲ!"

ಮಿಸ್ ಹುಬ್ಬು ಗಂಟಿಕ್ಕಿದರು. "ವಿಚಿತ್ರ. ಹೋದ ಸಲಕ್ಕಿಂತ ಸ್ವಲ್ಪವಾದ್ರೂ ಬದಲಾಗಬೇಕಿತ್ತು. ಮನೇಲಿ ಗ್ಲೌಸ್ ಹಾಕ್ಕೊಂಡೇ ಇರ್ತೀಯ ತಾನೆ?"

"ಹಾಕ್ಕೊಂಡೇ ಇರ್ತಾಳೆ. ನಾನೇ ನೋಡ್ತೀನಲ್ಲ," ಎಂದಳು ಅಜ್ಜಿ, ಬೆಂಚಿನ ಮೇಲೆ ನೆಟ್ಟಗೆ ಕೂತು.

"ಅಂಗಡಿಗೆ ರಜೆ ಹಾಕಿ ಬಂದಿದ್ದೀನಿ ಮಿಸ್," ಎಂದಳು ಅಮ್ಮ. ಅವಳ ದನಿ ಸೋತಿತ್ತು. "ದಿನಾ ಬಂದ ತಕ್ಷಣ ಮೊದಲು ಗ್ಲೌಸ್ ನೋಡ್ತೀನಿ. ಹಾಕಿದ್ದು ಹಾಕಿದ ಹಾಗೇ ಇರುತ್ತೆ."

"ಸರಿ, ಇರಲಿ. ಸ್ವಲ್ಪ ಸುಧಾರಿಸ್ಕೋ." ಮಿಸ್ ಮೇಜಿನ ಒಳಗಿನಿಂದ ಒಂದು ಬಾಳೆಹಣ್ಣು ತೆಗೆದು ಸಿಡುಕಿಯ ಮುಂದೆ ಇಟ್ಟರು. "ಹಣ್ಣು ತಿನ್ನು."

ಸಿಡುಕಿ ಎಡಗೈಯನ್ನೂ ಗ್ಲೌಸಿನ ಕೈಯನ್ನೂ ಸೇರಿಸಿ ಹಣ್ಣನ್ನು ಹೇಗೋ ಎದೆಗೆ ಒತ್ತಿಕೊಂಡು ಎತ್ತಿದಳು. ತಿರುಗಿ ಅಜ್ಜಿಯ ಕಡೆ ಚಾಚಿದಳು. ಅಜ್ಜಿ ಅಮ್ಮನ ಜೊತೆ ಬಸ್ಸಿನ ವಿಷಯ ಏನೋ ಹೇಳುತ್ತಿದ್ದಳು. ಮಾತು ನಿಲ್ಲಿಸದೆ, ಇತ್ತ ನೋಡದೆ, ಹಣ್ಣು ತಗೊಂಡು, ಸಿಪ್ಪೆ ಸುಲಿದು, ವಾಪಸ್ ಹಿಡಿದಳು. ಸಿಡುಕಿ ಬಗ್ಗಿ ಒಂದು ತುತ್ತು ಕಚ್ಚಿದಳು.

ಆಮೇಲೆ ಕೋಣೆಯಲ್ಲಿ ಯಾರೂ ಮಾತಾಡುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಸಿಡುಕಿ ಅಗಿಯುವುದನ್ನು ನಿಲ್ಲಿಸಿದಳು. ಅಜ್ಜಿ ತನ್ನ ಕೈಯಲ್ಲಿದ್ದ ಅರ್ಧ ಸುಲಿದ ಹಣ್ಣನ್ನು, ಅದು ಅಲ್ಲಿಗೆ ಹೇಗೆ ಬಂತು ಎನ್ನುವ ಹಾಗೆ ನೋಡಿದಳು.

"ಅತ್ತೆ!" ಎಂದಳು ಅಮ್ಮ.

"ನಾನು ಗ್ಲೌಸ್ ಬಿಚ್ಚಿಲ್ಲ!" ಎಂದಳು ಅಜ್ಜಿ ತಕ್ಷಣ.

ಮಿಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಕ್ಕರೋ, ಅತ್ತರೋ, ಒಂದು ಗಳಿಗೆ ಗೊತ್ತಾಗಲಿಲ್ಲ. ಕೈ ತೆಗೆದಾಗ ನಗುವೂ ಇರಲಿಲ್ಲ, ಕೋಪವೂ ಇರಲಿಲ್ಲ. ಸುಸ್ತು ಇತ್ತು.

"ಅಜ್ಜಿ, ಇವಳ ಎಡಗೈ ಎಲ್ಲಿದೆ ಅಂತ ಇವತ್ತು ನಂಗೆ ಗೊತ್ತಾಯ್ತು. ಅದು ನಿಮ್ಮ ಹತ್ರ ಇದೆ," ಎಂದರು. "ನೀವು ಇರೋವರೆಗೂ ಇವಳ ತಲೆಗೆ ಈ ಕೈ ಬೇಕಾಗೋದೇ ಇಲ್ಲ. ದಯವಿಟ್ಟು ಸ್ವಲ್ಪ ಹೊತ್ತು ಹೊರಗೆ ಕೂತ್ಕೋತೀರಾ?"

ಅಜ್ಜಿ ಎದ್ದಳು. ಹಣ್ಣನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹೊರಗೆ ಹೋದಳು. ಗಾಜಿನ ಬಾಗಿಲಿನಾಚೆ, ಗಾಲಿಕುರ್ಚಿಗಳ ಸಾಲಿನ ಪಕ್ಕದಲ್ಲಿ ಅವಳು ಕೂತದ್ದು ಸಿಡುಕಿಗೆ ಕಾಣುತ್ತಿತ್ತು. ಹಣ್ಣು ಇನ್ನೂ ಕೈಯಲ್ಲೇ ಇತ್ತು.

*

ಮನೆಗೆ ಬರುವವರೆಗೆ ಅಜ್ಜಿ ಒಂದು ಮಾತೂ ಆಡಲಿಲ್ಲ. ಬಂದ ಮೇಲೆ ಪಾತ್ರೆಗಳ ಜೊತೆ ಆಡಿದಳು.

"ಮಗು ಒದ್ದಾಡ್ತಿದ್ರೆ ನೋಡ್ಕೊಂಡು ಕೂರಬೇಕಂತೆ," ಎಂದು ತಟ್ಟೆಗೆ ಹೇಳಿದಳು. "ಅದು ಓದಿದವರ ಹೊಸ ವೈದ್ಯ," ಎಂದು ಲೋಟಕ್ಕೆ ಹೇಳಿ ಸದ್ದು ಮಾಡಿ ಇಟ್ಟಳು.

ಸಿಡುಕಿಯ ಮುಂದೆ ಹಾಲಿನ ಮಗ್ ಇತ್ತು. ಅವಳು ಎಡಗೈಯನ್ನು ಅದರ ಹಿಡಿಯೊಳಗೆ ತೂರಿಸಲು ನೋಡುತ್ತಿದ್ದಳು. ಬೆರಳು ತೂರಿತು. ಮಗ್ ಎದ್ದಿತು. ಒಂದಿಷ್ಟು ಮೇಲೆ ಬಂದು ಓಲಾಡಿತು. ಅವಳು ಉಸಿರು ಹಿಡಿದಳು.

ಅಜ್ಜಿಯ ಕೈ ಎಲ್ಲಿಂದಲೋ ಬಂದು ಮಗ್ಗನ್ನು ಹಿಡಿದುಬಿಟ್ಟಿತು.

"ಬಿಡು! ಮುಟ್ಟಬೇಡ!" ಸಿಡುಕಿ ಕಿರುಚಿದಳು. "ನಿನ್ನಿಂದಾನೇ ಎಲ್ಲಾ! ನಾನು ಕೇಳಿದ್ನಾ? ನಿನ್ನಿಂದಾನೇ ನನ್ನ ಸೈಕಲ್ ಹೋಗ್ತಾ ಇರೋದು!"

ಹಾಲು ಅರ್ಧ ಮೇಜಿನ ಮೇಲೆ ಹರಿಯಿತು. ಅಜ್ಜಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆಮೇಲೆ ಅವಳು ಅದನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡಳು.

"ಸರಿ," ಎಂದಳು.

ಅಷ್ಟೇ. ಬಟ್ಟೆ ತಂದು ಹಾಲು ಒರೆಸಲೂ ಇಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ಅದೇ ರೂಢಿಯಾಯಿತು. ಸಿಡುಕಿಯ ಕೈಗೆ ಗ್ಲೌಸು ಬಿದ್ದ ತಕ್ಷಣ ಅಜ್ಜಿ ಎದ್ದು ಒಳಗೆ ಹೋಗುವಳು. ಬಾಗಿಲು ಮುಚ್ಚುವುದು. ಊಟದ ಹೊತ್ತಿಗೆ ತೆರೆಯುವುದು.

ಮೊದಲು ಸಿಡುಕಿಗೆ ಹಾಯೆನಿಸಿತು. ಆಮೇಲೆ ಕಾಲುಚೀಲ ಅವಳನ್ನು ಅಳಿಸಿತು. ಎಡಗೈಯೊಂದರಲ್ಲೇ ಕಾಲುಚೀಲ ಕಳಚುವುದೆಂದರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ. ಹಿಡಿದರೆ ಜಾರುತ್ತದೆ, ಎಳೆದರೆ ಬರುವುದಿಲ್ಲ. ಅವಳು ಕಾಲನ್ನು ನೆಲಕ್ಕೆ ಬಡಿದಳು. ಎಡಗೈಗೆ ಬೈದಳು. "ಏಯ್ ದಂಡಪಿಂಡ! ಏಳು! ಊಟ ಮಾತ್ರ ನನ್ನ ಲೆಕ್ಕದಲ್ಲಿ ಮಾಡ್ತೀಯ, ಕೆಲಸ ಮಾಡಲ್ವಾ?"

ಅಡುಗೆಮನೆಯೊಳಗೆ ಏನೋ ಸರಿದ ಸದ್ದಾಯಿತು. ಯಾರೂ ಹೊರಗೆ ಬರಲಿಲ್ಲ.

ಹೋಗಲಿ ಬಿಡು, ಎಂದುಕೊಂಡು ಮತ್ತೆ ಎಳೆದಳು. ಇಡೀ ಕಾಲುಚೀಲ ಬರುವ ಹೊತ್ತಿಗೆ ಅವಳು ಬೆವೆತಿದ್ದಳು. ಆದರೆ ಬಂತು.

ಹೀಗೇ ಒಂದೊಂದು ಬಂತು. ಲೈಟಿನ ಸ್ವಿಚ್ಚು ಬಂತು. ನಲ್ಲಿ ಅರ್ಧ ತಿರುಗಿತು, ಪೂರ್ತಿ ನಿಲ್ಲಲಿಲ್ಲ. ತೊಟ್ಟಿಕ್ಕುವ ಸದ್ದಿಗೆ ಅಮ್ಮ ಬೈದಳು. ಬಿಸ್ಕೆಟ್ ಪ್ಯಾಕೆಟ್ ಒಂದು ದಿನ ಹರಿಯಿತು. ಹರಿದ ರಭಸಕ್ಕೆ ಬಿಸ್ಕೆಟ್ಟೆಲ್ಲ ಸೋಫಾದ ಕೆಳಗೆ ಹೋದವು. ಸಿಡುಕಿ ಹೊಟ್ಟೆಯ ಮೇಲೆ ಮಲಗಿ, ಎಡಗೈಯಿಂದಲೇ ಗೀರಿ ಗೀರಿ ತೆಗೆದಳು. ತೆಗೆದ ಒಂದು ಬಿಸ್ಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿದಳು. ಹೆಬ್ಬೆರಳು ಹೊರಗೆ ಬಂದಿತ್ತು! ನೋಡುತ್ತಿದ್ದಂತೆ ಮತ್ತೆ ಒಳಗೆ ಹೋಯಿತು, ಆಮೆಯ ತಲೆಯ ಹಾಗೆ.

"ಅಜ್ಜೀ!" ಎಂದು ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಬಾಗಿಲು ಹಾಕಿತ್ತು. ಅಜ್ಜಿಗೆ ತನ್ನ ಮೇಲೆ ಕೋಪ. ಇರಲಿ. ತನಗೂ ಕೋಪ ಇದೆ.

ಆದರೆ ಹೆಬ್ಬೆರಳಿನ ವಿಷಯ ಹೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

*

ಸ್ಕೂಲಿಲ್ಲದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಏನೋ ದಬ್ ಎಂದು ಬಿತ್ತು. ಅದರ ಹಿಂದೆಯೇ ಟಕ ಟಕ ಟಕ ಎಂದು ಗೋಲಿಗಳು ಉರುಳಿದಂಥ ಸದ್ದು. ಆಮೇಲೆ ಅಜ್ಜಿಯ ದನಿ.

"ಹಾಳಾದ್ದು! ಏನಾಗಿದೆ ನಿಂಗೆ? ಹಿಡಿ ಅಂದ್ರೆ ಹಿಡಿಯೋಕಾಗಲ್ವಾ?"

ಯಾರಿಗೆ ಬೈಯುತ್ತಿದ್ದಾಳೆ? ಸಿಡುಕಿ ಬಾಗಿಲಿನ ಹಿಡಿಕೆಗೆ ಎಡಗೈ ಹಾಕಿದಳು. ಜಾರಿತು. ಮತ್ತೆ ಹಾಕಿ ಒತ್ತಿದಳು. ಬಾಗಿಲು ತೆರೆಯಿತು.

ಅಜ್ಜಿ ಸ್ಟೂಲಿನ ಮೇಲೆ ಕೂತಿದ್ದಳು. ನೆಲದ ತುಂಬ ಹಸಿರು ಬಟಾಣಿ. ಮಡಿಲಲ್ಲಿ ಸುಲಿಯದ ಬಟಾಣಿಯ ಕೋಡುಗಳು. ಎಡಗೈಯಲ್ಲಿ ಅರ್ಧ ಜಜ್ಜಿಹೋದ ಒಂದು ಕೋಡು.

ಬಲಗೈಯಲ್ಲಿ ನೀಲಿ ಗ್ಲೌಸು.

ಸಿಡುಕಿ ತನ್ನ ಬಲಗೈಯನ್ನು ನೋಡಿಕೊಂಡಳು. ಅದರ ಗ್ಲೌಸು ಅಲ್ಲೇ ಇತ್ತು. ಡ್ರಾಯರು ನೋಡಿದಳು. ತೆರೆದಿತ್ತು.

"ನಗು ಬಂದ್ರೆ ನಕ್ಕುಬಿಡು," ಎಂದಳು ಅಜ್ಜಿ ಮುಖ ಆ ಕಡೆ ತಿರುಗಿಸಿ.

ಸಿಡುಕಿ ನಗಲಿಲ್ಲ. "ನಿನ್ನ ಕೈಗೇನಾಗಿದೆ? ನಿನ್ನ ಎರಡೂ ಕೈ ಚೆನ್ನಾಗೇ ಇದೆಯಲ್ಲ!"

"ಚೆನ್ನಾಗಿರೋದೇ ಈಗ ತೊಂದರೆ ಆಗಿರೋದು." ಅಜ್ಜಿ ಕೋಡನ್ನು ಮಡಿಲಿಗೆ ಹಾಕಿದಳು. "ಬಾಗಿಲು ಹಾಕ್ಕೊಂಡ್ರೆ ಸಾಕು ಅಂದ್ಕೊಂಡಿದ್ದೆ. ಸಾಕಾಗಲ್ಲ ಕಣೇ. ನೀನು ಅಲ್ಲಿ ಕಾಲು ಬಡಿದ್ರೆ ನಾನು ಇಲ್ಲಿ ಎದ್ದು ನಿಂತಿರ್ತೀನಿ. ನೀನು ಏನಾದ್ರೂ ಬೀಳಿಸಿದ್ರೆ ನನ್ನ ಕೈ ಬಾಗಿಲ ಹಿಡಿಕೆ ಮೇಲೆ ಇರುತ್ತೆ. ಯಾವಾಗ ಹೋಯ್ತು ಅಂತ ನಂಗೇ ಗೊತ್ತಿರಲ್ಲ. ಈ ಚೀಲ ಹಾಕ್ಕೊಂಡ್ರೆ ಪರವಾಗಿಲ್ಲ. ಹಿಡಿಕೆ ತಕ್ಷಣ ಕೈಗೆ ಸಿಗಲ್ಲ. ಅಷ್ಟರಲ್ಲಿ ನಂಗೂ ಬುದ್ಧಿ ಬರುತ್ತೆ."

"ಎಷ್ಟು ದಿನದಿಂದ ಹಾಕ್ಕೋತಿದ್ದೀಯ?"

"ಹಾಲು ಚೆಲ್ಲಿದ ಮಾರನೇ ದಿನದಿಂದ."

ಸಿಡುಕಿ ಅಜ್ಜಿ ಕೂತ ಸ್ಟೂಲನ್ನು ನೋಡಿದಳು. ಕಾಲುಚೀಲದ ದಿನ ಒಳಗೆ ಏನೋ ಸರಿದ ಸದ್ದು ಕೇಳಿತ್ತಲ್ಲ, ಅದು ಈ ಸ್ಟೂಲು.

ಅವಳು ನೆಲದ ಮೇಲೆ ಕೂತಳು. ಒಂದು ಬಟಾಣಿ ಹೆಕ್ಕಲು ನೋಡಿದಳು. ಅದು ಉರುಳಿ ಓಡಿತು. ಇನ್ನೊಂದನ್ನು ಅಂಗೈಯಿಂದ ಮುಚ್ಚಿ, ಬೆರಳು ಮಡಚಿ, ಎತ್ತಿದಳು. ಹೆಬ್ಬೆರಳು ನಿಧಾನವಾಗಿ ಹೊರಗೆ ಬಂತು.

"ಅಜ್ಜಿ, ನೋಡು! ಬೇಗ ನೋಡು, ಒಳಗೆ ಹೋಗಿಬಿಡುತ್ತೆ!"

ಅಜ್ಜಿ ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಳ್ಳಲು ಗ್ಲೌಸಿನ ಕೈ ಎತ್ತಿ ಮೂಗಿಗೆ ಗುದ್ದಿಕೊಂಡಳು. ಆಗ ಮಾತ್ರ ಸಿಡುಕಿಗೆ ನಗು ತಡೆಯಲಾಗಲಿಲ್ಲ.

"ನಗಬೇಡ್ವೇ. ನೀನು ಬಾಯಿಂದ ಕಚ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು ನಂಗೆ. ನಾನೂ ಎರಡು ಕೋಡು ಕಚ್ಚಿದೆ."

"ಛೀ ಅಜ್ಜಿ! ಆ ಬಟಾಣಿ ಎಲ್ಲಿ?"

"ಅದನ್ನು ನಿಮ್ಮಮ್ಮಂಗೆ ಹೇಳಬೇಡ."

ಅಮ್ಮ ಕೆಲಸದಿಂದ ಬಂದಾಗ ಅತ್ತೆ, ಮಗಳು ಇಬ್ಬರೂ ಒಂದೊಂದು ನೀಲಿ ಗ್ಲೌಸು ಹಾಕಿಕೊಂಡು, ನೆಲದ ಮೇಲೆ ಕಾಲು ಚಾಚಿ, ಬಟಾಣಿ ಹೆಕ್ಕುತ್ತಿದ್ದರು. ಒಂದು ಬಟ್ಟಲೂ ತುಂಬಿರಲಿಲ್ಲ. ಅಮ್ಮ ಬಾಗಿಲಲ್ಲೇ ಕೂತುಬಿಟ್ಟಳು.

"ದಿನವಿಡೀ ಅಲ್ಲಿ ಇಸ್ತ್ರಿ ಪೆಟ್ಟಿಗೆ ಮುಂದೆ ಬೆಂದು ಬರ್ತೀನಿ," ಎಂದಳು. "ಮನೇಲಿ ಒಂದು ಗ್ಲೌಸ್ ಕಾಟ ಸಾಕಾಗಿತ್ತು. ಇವತ್ತು ಊಟ ಯಾವಾಗ, ನಾಳೆನಾ?"

ಹೇಳುತ್ತ ಹೇಳುತ್ತ ಅವಳಿಗೂ ನಗು ಬಂತು. ಆದರೂ ಊಟ ತಡವಾದದ್ದು ಮಾತ್ರ ನಿಜ.

*

ಅಪ್ಪ ಬಂದ. ಮುಖ ತೊಳೆದ, ಸಿಡುಕಿಯ ತಲೆ ನೇವರಿಸಿದ, ಜೇಬಿನಿಂದ ಕೀಲಿ ತೆಗೆದ.

"ನಡಿ."

"ಈಗಲೇನಾ? ಮೊದಲು ಏನಾದ್ರೂ ತಿನ್ನೋ," ಎಂದಳು ಅಜ್ಜಿ.

"ಈಗಲೇ ಅಮ್ಮ. ಆಮೇಲೆ ಅಂದ್ರೆ ನಂಗೆ ನಿದ್ದೆ ಬರುತ್ತೆ."

ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಜಾಗಕ್ಕೆ ಒಂದು ಸಣ್ಣ ಇಳಿಜಾರಿತ್ತು. ಅಪ್ಪ ಸೈಕಲ್ಲಿನ ಚಕ್ರ ಒತ್ತಿ ನೋಡಿದ. ಬ್ರೇಕಿನ ತಂತಿ ಎಳೆದು ನೋಡಿದ. ಸ್ವಲ್ಪ ಎಣ್ಣೆ ಬಿಟ್ಟ. ಲಾರಿಗೆ ಮಾಡುವುದನ್ನೆಲ್ಲ ಸೈಕಲ್ಲಿಗೂ ಮಾಡಿ, ಇಳಿಜಾರಿನ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ.

"ಇದರೊಳಗೆ ನಿಲ್ಲಬೇಕು. ಎಡಗಡೆ ಬ್ರೇಕು ಮಾತ್ರ. ಬಲಗಡೇದು ಮುಟ್ಟಿದ್ರೆ ಲೆಕ್ಕಕ್ಕಿಲ್ಲ."

ಸಿಡುಕಿ ಗ್ಲೌಸು ಬಿಚ್ಚಿ ಅಮ್ಮನ ಕೈಗೆ ಕೊಟ್ಟು ಹತ್ತಿದಳು. ಹೊಲಿಗೆ ಮಾಮ ಅಂಗಡಿಯಿಂದ ತಲೆ ಹೊರಗೆ ಹಾಕಿದ. ಅಜ್ಜಿ ಗೆರೆಯ ಆಚೆ, ಗೋಡೆಯಿಂದ ಸ್ವಲ್ಪ ಮುಂದೆ ನಿಂತಿದ್ದಳು. ಅವಳ ಬಲಗೈಯಲ್ಲಿ ಎರಡನೆಯ ಗ್ಲೌಸು ಇತ್ತು.

"ಅದ್ಯಾಕಮ್ಮ ನಿಂಗೆ?" ಎಂದ ಅಪ್ಪ.

"ಚಳಿ," ಎಂದಳು ಅಜ್ಜಿ. ಬಿಸಿಲು ಚುರುಗುಟ್ಟುತ್ತಿತ್ತು.

ಅಪ್ಪ ಸೀಟು ಹಿಡಿದು, ಸಮತೂಕ ಬಂದ ಮೇಲೆ ಬಿಟ್ಟ. ಸೈಕಲ್ಲು ಇಳಿಯಿತು. ಸಿಡುಕಿ ಎಡಗೈಗೆ ಹಿಡಿ ಎಂದಳು. ಅದು ಕೇಳುವ ಮೊದಲೇ ಎರಡೂ ಕಾಲು ನೆಲಕ್ಕೆ ಊರಿದಳು. ಚಪ್ಪಲಿ ಉಜ್ಜಿ ಸೈಕಲ್ಲು ಗೆರೆಯೊಳಗೇ ನಿಂತಿತು.

"ನಿಂತಿತು! ನಿಂತಿತು!"

"ಚಪ್ಪಲಿ ನಿಂತಿತು. ಬ್ರೇಕ್ ಎಲ್ಲಿ ಹಿಡಿದೆ?" ಎಂದ ಅಪ್ಪ. "ಮತ್ತೆ ಮೇಲೆ ತಗೊಂಡು ಬಾ."

"ಏನಪ್ಪಾ ನೀನು! ಪೊಲೀಸಾ?"

"ಡ್ರೈವರ್. ತಗೊಂಡು ಬಾ."

ಸಿಡುಕಿ ಗೊಣಗುತ್ತ ಸೈಕಲ್ಲನ್ನು ಮೇಲೆ ತಳ್ಳಿದಳು. ಈ ಸಲ ಅಪ್ಪ ಬಿಡುವ ಮೊದಲೇ ಎಡಗೈಯ ಬೆರಳುಗಳನ್ನು ಬ್ರೇಕಿನ ಕಡ್ಡಿಯ ಮೇಲೆ ಒಂದೊಂದಾಗಿ ಇಟ್ಟಳು. ಹೆಬ್ಬೆರಳಿಗಾಗಿ ಕಾದಳು. ಅಪ್ಪನೂ ಕಾದ. ಅದು ತನಗೆ ಬೇಕಾದಷ್ಟು ಹೊತ್ತು ತಗೊಂಡು, ಹೊರಗೆ ಬಂದು, ಹಿಡಿಯ ಕೆಳಗೆ ಕೂತಿತು.

"ಬಿಡು," ಎಂದಳು.

ಸೈಕಲ್ಲು ಇಳಿಯಿತು. ಗೆರೆ ಹತ್ತಿರ ಬಂತು. ಒತ್ತು, ಒತ್ತು ಎಂದಳು. ಕಡ್ಡಿ ಸ್ವಲ್ಪ ಒಳಗೆ ಬಂತು. ಗೆರೆ ದಾಟಿತು. ಮುಂದೆ ಅಜ್ಜಿ. ಅಜ್ಜಿ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕೈ ಎದ್ದಿತು. ಎದ್ದು, ಅಲ್ಲೇ ನಿಂತಿತು. ಚಾಚಲಿಲ್ಲ. ಹಿಡಿಯಲಿಲ್ಲ.

ಕಿರ್ರ್ ಎಂದು ಬ್ರೇಕು ಕಚ್ಚಿತು. ಮುಂದಿನ ಚಕ್ರ ಅಜ್ಜಿಯ ಚಪ್ಪಲಿಗೆ ತಾಗಿ ನಿಂತಿತು.

ಅಪ್ಪ ಇಳಿದು ಬಂದು ಗೆರೆ ನೋಡಿದ, ಚಕ್ರ ನೋಡಿದ, ಮಗಳ ಎಡಗೈ ನೋಡಿದ. ಆ ಕೈ ಇನ್ನೂ ಬ್ರೇಕನ್ನು ಬಿಟ್ಟಿರಲಿಲ್ಲ.

"ಗೆರೆ ದಾಟಿತು," ಎಂದ. "ತಡವಾಗಿ ಹಿಡೀತು." ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ. "ಆದ್ರೆ ಹಿಡೀತು. ಸೈಕಲ್ ಎಲ್ಲೂ ಹೋಗಲ್ಲ. ಗೇಟಿನಿಂದ ಹೊರಗೆ ಮಾತ್ರ ಈಗಲೇ ಬೇಡ. ಮುಂದಿನ ಸಲ ಬಂದಾಗ ಮತ್ತೆ ಗೆರೆ ಎಳೀತೀನಿ."

"ಇನ್ನೂ ಗೆರೆನಾ!" ಎಂದು ಸಿಡುಕಿ ಹಲ್ಲು ಕಡಿದಳು. ಆದರೆ ಕೀಲಿಯನ್ನು ಮಾತ್ರ ತಕ್ಷಣ ಕಿತ್ತುಕೊಂಡಳು.

ಆಗ ಅವಳ ಕಣ್ಣು ಅಜ್ಜಿಯ ಕೈಯ ಮೇಲೆ ಬಿತ್ತು. ಗ್ಲೌಸಿನ ಬಟ್ಟೆ ಸುಕ್ಕುಸುಕ್ಕಾಗಿ ಒಳಕ್ಕೆ ಹೋಗಿತ್ತು. ಅದರೊಳಗೆ ಅಜ್ಜಿಯ ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಬ್ರೇಕು ಹಿಡಿದ ಹಾಗೆ.

"ಬಿಡಜ್ಜಿ. ನಿಂತಾಯ್ತು," ಎಂದಳು ಸಿಡುಕಿ ಮೆಲ್ಲಗೆ.

ಸೈಕಲ್ಲನ್ನು ಗೋಡೆಗೆ ಒರಗಿಸಿ ಅಜ್ಜಿಯ ಮುಂದೆ ಬಂದು ನಿಂತಳು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈ ಚಾಚಿ ಗ್ಲೌಸಿನ ಪಟ್ಟಿಯ ತುದಿ ಹುಡುಕಿದಳು. ಸಿಕ್ಕಿತು, ಜಾರಿತು. ಮತ್ತೆ ಹುಡುಕಿದಳು.

ಪಟ್ಟಿ ಬಿಚ್ಚಲು ಅಜ್ಜಿಗೆ ತನ್ನ ಇನ್ನೊಂದು ಕೈ ಇತ್ತು. ಅದು ಪಟ್ಟಿಯ ಕಡೆಗೆ ಎದ್ದಿತು. ಅಜ್ಜಿ ಅದನ್ನು ತೊಡೆಗೆ ಒತ್ತಿ ಹಿಡಿದಳು. ಸಿಡುಕಿ ಅದನ್ನು ನೋಡಿದಳು.

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಮ್ಮ ಅವನ ತೋಳು ಹಿಡಿದಳು.

ಹೆಬ್ಬೆರಳು ಹೊರಗೆ ಬಂತು. ಪಟ್ಟಿ ಸಿಕ್ಕಿತು.

ಪರ್.